ಕಡವಿನ ಹನ್ನೆರಡನೆಯವನು

"ಕುಂತವರು ಕೇಳಿರಿ, ನಿಂತವರು ಕೇಳಿರಿ! ಗಡಿಯ ಒಡೆಯ ಮಾಚರಸರ ಅಪ್ಪಣೆ! ಅವರ ಮೂರು ಒಗಟು ಒಡೆದವನಿಗೆ ಕೋಟೆ, ಕತ್ತಿ, ಗದ್ದುಗೆ ಮೂರೂ ಸಲ್ಲುತ್ತವೆ. ಒಂದು ತಪ್ಪಿದರೂ ಕಡವಿನ ಕಾವಲು!"

ಡಂಗುರದವನು ಕೊನೆಯ ಮಾತನ್ನು ಮೆಲ್ಲಗೆ ಹೇಳಿ ಮುಂದಿನ ಕೇರಿಗೆ ಜಾರಿಕೊಳ್ಳುತ್ತಿದ್ದ. ಕಡವಿನ ಕಾವಲು ಎಂದರೆ ಸಾವು ಎಂದು ಎಲ್ಲರಿಗೂ ಗೊತ್ತಿತ್ತು. ಹೊಳೆಯ ಆಚೆಗೊಬ್ಬ ದೊರೆ, ಈಚೆಗೊಬ್ಬ ದೊರೆ. ನಡುವೆ ಮಾಚರಸನ ಒಂದು ಹಿಡಿ ನಾಡು. ಹೊಳೆ ಮೊಣಕಾಲಿಗೆ ಇಳಿಯುವ ಒಂದೇ ಜಾಗ ಆ ಕಡವು. ಅಲ್ಲಿ ಸದಾ ಹನ್ನೆರಡು ಆಳು ನಿಂತಿರಬೇಕು. ಒಬ್ಬ ಕಡಿಮೆಯಾದರೂ ಆಚೆಯ ಕೊಳ್ಳೆಕಾರರು ದಾಟಿ ಬಂದು ಊರು ಸುಡುತ್ತಾರೆ, ದನ ಹೊಡೆದುಕೊಂಡು ಹೋಗುತ್ತಾರೆ. ಎರಡು ಸಲ ಹಾಗೇ ಆಗಿತ್ತು. ಒಬ್ಬ ಬಿದ್ದರೆ ಇನ್ನೊಬ್ಬನ ಹೆಸರು ಹೇಳುವುದು ಮಾಚರಸನ ಕೆಲಸ. ಇಪ್ಪತ್ತು ವರ್ಷ ಹೇಳಿದ್ದ. ತನ್ನ ಇಬ್ಬರು ಗಂಡುಮಕ್ಕಳ ಹೆಸರನ್ನೂ ಹೇಳಿದ್ದ.

ಗದ್ದುಗೆ ಎಂದರೆ ಯಾರ ಬಾಯಲ್ಲಿ ನೀರೂರುವುದಿಲ್ಲ? ಮೊದಲು ಬಂದವನು ಮೂಡಣ ಸೀಮೆಯ ಅರಸುಮಗ ಅಯ್ಯಪ. ಕುದುರೆ ಇಳಿಯುವ ಮೊದಲೇ ಮೀಸೆ ತಿರುವಿದ.

"ಉಳದೆ, ಬಿತ್ತದೆ ನನ್ನ ನಾಡಿನೊಳಗ ವರ್ಷವರ್ಷ ಒಂದು ಬೆಳಿ ಏಳತೈತಿ," ಎಂದ ಮಾಚರಸ. "ಅದು ಹೆಚ್ಚಿದಷ್ಟೂ ನನ್ನ ಹೊಲ ಕಡಿಮಿ ಆಗತಾವ. ಏನದು?"

"ನಿಮ್ಮ ಕೀರ್ತಿ!" ಎಂದ ಅಯ್ಯಪ, ತನ್ನ ಜಾಣತನಕ್ಕೆ ತಾನೇ ಹಿಗ್ಗುತ್ತ.

ಮಾಚರಸ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಅಯ್ಯಪ ನಾಲ್ಕನೆಯ ದಿನ ಕಡವಿನಲ್ಲಿ ಬಿದ್ದ.

ಆಮೇಲೆ ಬಂದವನು ಚಟ್ಟಯ್ಯ, ನಾಲ್ಕಕ್ಷರ ಬಲ್ಲವನು. ಮೊದಲನೆಯ ಒಗಟು ಊರೆಲ್ಲ ಹರಡಿತ್ತಾದ್ದರಿಂದ ಮಾಚರಸ ಅವನಿಗೆ ಎರಡನೆಯದನ್ನೇ ಮೊದಲು ಕೇಳಿದ: "ಇಬ್ಬರು ಹಿಂಡೋ ಹಸು. ಹಿಂಡುವಾಗ ಇಬ್ಬರೂ ನನ್ನದು ಅಂತಾರ. ಹುಲಿ ಮ್ಯಾಲೆ ಬಿದ್ದಾಗ ಇಬ್ಬರೂ ನಿನ್ನದು ಅಂತಾರ. ಯಾವುದು?"

ಚಟ್ಟಯ್ಯ ಗಡ್ಡ ನೀವಿಕೊಂಡು, "ಹೊಳೆ" ಎಂದ. ಪಾಪ, ಹೊಳೆಯ ಮೇಲೆ ಹುಲಿ ಬೀಳುವುದು ಹೇಗೆಂದು ಅವನಿಗೆ ಹೊಳೆಯಲೇ ಇಲ್ಲ. ಅವನೂ ಹೋದ.

ಮತ್ತೆ ಒಂದು ತಿಂಗಳು ಯಾರೂ ಬರಲಿಲ್ಲ. ಆಮೇಲೊಂದು ಬೆಳಿಗ್ಗೆ ತಲೆತುಂಬ ಕಲ್ಲಿನ ಪುಡಿ ಹೊತ್ತು ಕಲ್ಲುಕುಟಿಗ ಕಾಳೋಜ ಬಂದು ನಿಂತ. ಸತ್ತವರಿಗೆ ವೀರಗಲ್ಲು ಕಡೆಯುವವನು ಅವನೇ. ಆ ನಾಡಿನಲ್ಲೊಂದು ರೂಢಿ ಇತ್ತು: ಆಳನ್ನು ಕಡವಿಗೆ ಕಳಿಸಿದ ದಿನವೇ ಅವನ ಕಲ್ಲಿಗೂ ಹೇಳಿಕಳಿಸುತ್ತಿದ್ದರು. ಹೆಸರು ಕೊರೆದು, ಸತ್ತ ದಿನಕ್ಕೆ ಮಾತ್ರ ಜಾಗ ಬಿಡಬೇಕು. ಈ ಸಲ ಬಂದ ಹೆಸರು ಮಲ್ಲೋಜ, ಅವನ ಒಡಹುಟ್ಟಿದ ಅಣ್ಣ. ಕಾಳೋಜನ ಕೈಯಲ್ಲಿ ಉಳಿ ಆಡಲಿಲ್ಲ. ಮನೆಯಲ್ಲಿ ತಾಯಿ ಒಲೆ ಹಚ್ಚಿರಲಿಲ್ಲ.

"ಒಡೆಯಾ, ನನಗ ಕ್ವಾಟಿ ಬ್ಯಾಡ್ರಿ. ನಮ್ಮಣ್ಣನ್ನ ಬಿಟ್ಟುಕೊಡ್ರಿ."

"ಇವತ್ತು ಒಬ್ಬನ್ನ ಬಿಟ್ಟರ ನಾಳೆ ಹನ್ನೊಂದು ಮಂದಿ ತಾಯಂದಿರು ಬಾಗಿಲಿಗೆ ಬರತಾರ," ಎಂದ ಮಾಚರಸ. "ನಾ ಯಾರನ್ನೂ ತಿರುಗಿ ಕರೆಸಿಲ್ಲ. ನನ್ನ ಮಕ್ಕಳನ್ನೂ ಕರೆಸಲಿಲ್ಲ. ಕರೆಸಬೇಕಂದ್ರ ನೀನ ಇಲ್ಲಿ ಕುಂದ್ರು. ಕುಂದ್ರಬೇಕಂದ್ರ ಒಗಟು ಒಡಿ."

ಕಾಳೋಜ ಹಣೆ ಒರೆಸಿಕೊಂಡ. "ಮೊದಲನೇದು ವೀರಗಲ್ಲು. ಒಬ್ಬ ಸತ್ತರ ಒಂದು ಕಲ್ಲು ಏಳತೈತಿ, ಅವನ ನೆತ್ತರಿಗೆ ಕೊಡುಗಿ ಅಂತ ಮನಿಯವರಿಗೆ ನಿಮ್ಮದೊಂದು ಹೊಲ ಹೋಗತೈತಿ. ಈಗ ಕೊಡಾಕ ಹೊಲಾನೂ ಉಳಿದಿಲ್ಲ, ಉಳಾಕ ಗಂಡಸರೂ ಉಳಿದಿಲ್ಲ."

"ಎರಡನೇದು?"

"ನಮ್ಮೂರು. ಸುಗ್ಗಿಯೊಳಗ ಎರಡೂ ದೊರಿಗಳ ಆಳು ಕಣಕ್ಕ ಬಂದು ಪಾಲು ಎತ್ತತಾರ. ಊರು ಸುಟ್ಟಾಗ ಇಬ್ಬರಿಗೂ ಹೇಳಿಕಳಿಸಿದ್ರಿ. ಯಾರು ಬಂದ್ರು?"

ಸಭೆಯಲ್ಲಿ ಯಾರೋ ಬಿಕ್ಕಿದರು. ಮಾಚರಸ ಮೂರನೆಯದನ್ನು ಬಹಳ ಸಣ್ಣ ದನಿಯಲ್ಲಿ ಕೇಳಿದ: "ಹೊರೋತನಕ ಹೂವಿನಷ್ಟು ಹಗುರ. ಹೊತ್ತ ಮ್ಯಾಲೆ ಇಳಿಸಾಕ ನೆಲಾನ ಸಿಗೂದಿಲ್ಲ. ಏನದು?"

ಕಾಳೋಜ ಮುದುಕನ ಮುಖವನ್ನೇ ನೋಡಿದ. ಮುಖ ನೋಡಿ ಕಲ್ಲಿಗಿಳಿಸುವುದು ಅವನ ಕಸುಬು. ಬಂದವರೆಲ್ಲ ಗದ್ದುಗೆ ನೋಡಿದ್ದರು, ಅದರಲ್ಲಿ ಕುಳಿತವನನ್ನು ನೋಡಿರಲಿಲ್ಲ. ಗುಳಿಬಿದ್ದ ಕೆನ್ನೆ, ನಿದ್ದೆಗೆಟ್ಟ ಕಣ್ಣು.

"ನೀವು ಕುಂತಿರೋ ಗದ್ದಿಗಿ, ಒಡೆಯಾ."

ಮಾಚರಸನ ಕಣ್ಣು ತುಂಬಿದವು. ತಾನೇ ಇಳಿದು ಬಂದು ಹುಡುಗನ ಕೈಹಿಡಿದು ಗದ್ದುಗೆಗೆ ಏರಿಸಿದ. ಜನ ಜಯಕಾರ ಹಾಕಿದರು. ಕಾಳೋಜನ ಮೊದಲ ಅಪ್ಪಣೆ, "ಮಲ್ಲೋಜನ್ನ ಕರೆಸ್ರಿ."

"ಆಗಲಿ, ಒಡೆಯಾ," ಎಂದ ಕಾವಲಿನ ಹಿರಿಯ. "ಆ ಜಾಗಕ್ಕ ಯಾರು?"

ಜಯಕಾರ ನಿಂತುಹೋಯಿತು. ಎದುರಿದ್ದ ಹೆಂಗಸರು ಮಕ್ಕಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡರು.

"ನನ್ನ ಹೆಸರು ಹೇಳಪ್ಪಾ," ಎಂದ ಮಾಚರಸ, ಈಟಿ ಎತ್ತಿಕೊಳ್ಳುತ್ತ. "ಗದ್ದಿಗಿ ಬರಿದು ಬಿಟ್ಟು ಹೋಗೋ ಹಂಗಿರಲಿಲ್ಲ. ಅದರ ಭಾರ ಬಲ್ಲವ ಒಬ್ಬ ಸಿಗಲಿ ಅಂತ ಇಷ್ಟು ದಿನ ಕಾದೆ. ಮಕ್ಕಳು ಹೋದ ದಾರಿ. ಹೋಗಿಬಿಡತೀನಿ."

ಕಾಳೋಜ ಹೇಳಿದ. ಮುದುಕ ಕೆಲಸ ಮುಗಿಸಿ ಮನೆಗೆ ಹೊರಟವನ ಹಾಗೆ ಹೊಳೆಯ ಕಡೆ ನಡೆದುಹೋದ. ಮಲ್ಲೋಜ ಬಂದ. ತಾಯಿ ಒಲೆ ಹಚ್ಚಿ, ರೊಟ್ಟಿ ತಟ್ಟಿ, ಇಬ್ಬರನ್ನೂ ಎದುರು ಕೂರಿಸಿಕೊಂಡು ಉಣ್ಣಿಸಿ ಅತ್ತಳು. ಕಾಳೋಜನಿಗೆ ಸಿಕ್ಕ ಬಹುಮಾನ ಅದೊಂದು ಊಟ.

ಎಂಟನೆಯ ದಿನ ಮಾಚರಸ ಬಿದ್ದ ಸುದ್ದಿ ಬಂತು. ಜಾಗ ಮತ್ತೆ ಖಾಲಿ.

ಆಳಿನ ಕೈಯಲ್ಲಿ ಹೆಸರು ಹೇಳಿಕಳಿಸಲು ಮನಸ್ಸು ಬಾರದೆ ಕಾಳೋಜ ತಾನೇ ಕೇರಿಗೆ ಇಳಿದ. ಅವನನ್ನು ಕಂಡದ್ದೇ ಒಂದೊಂದಾಗಿ ಕದಗಳು ಮುಚ್ಚಿದವು. ನಡೆಯುತ್ತ ನಡೆಯುತ್ತ ತನ್ನ ಮನೆಯ ಅಂಗಳಕ್ಕೇ ಬಂದ. ಮಲ್ಲೋಜ ಕಟ್ಟೆಯ ಮೇಲೆ ಕುಳಿತಿದ್ದ. ತಾಯಿ ಹೊಸಿಲಲ್ಲಿದ್ದಳು.

"ಅವ್ವಾ," ಎಂದ ಕಾಳೋಜ.

ಅವಳು ಅವನ ಮುಖವನ್ನೊಮ್ಮೆ ನೋಡಿದಳು. ದಡಬಡನೆ ಇಳಿದು ಮಲ್ಲೋಜನ ತೋಳು ಹಿಡಿದು ಒಳಗೆ ದಬ್ಬಿದಳು. ಕದ ಹಾಕಿ ಅಗುಳಿ ಎಳೆದದ್ದು ಕಾಳೋಜನಿಗೆ ಕೇಳಿಸಿತು. ಅವನು ಅಂಗಳದಲ್ಲೇ ನಿಂತ. ಹೊತ್ತು ಮುಳುಗುವುದರೊಳಗೆ ಯಾವುದಾದರೊಂದು ಹೆಸರು ಹೇಳಲೇಬೇಕಿತ್ತು.