ಮುಂದೆ ಮುಂದೆ ಬಂದ ಸುಣ್ಣದ ಗೆರೆ

ಕೊಡಗಿನ ಒಂದು ಊರಿನಲ್ಲಿ ನಾಣಯ್ಯ ಎಂಬ ನಿವೃತ್ತ ಹವಾಲ್ದಾರರಿದ್ದರು. ಸೈನ್ಯದಲ್ಲಿದ್ದಾಗ ಅವರು ಹೊಸ ಸಿಪಾಯಿಗಳಿಗೆ ಗುರಿ ಹಿಡಿಯುವುದನ್ನು ಕಲಿಸುತ್ತಿದ್ದರು. ಊರಿಗೆ ಬಂದ ಮೇಲೂ ಆ ಕೆಲಸ ಬಿಡಲಿಲ್ಲ. ಊರಿನಲ್ಲಿ ಕೋವಿ ಹಿಡಿಯಬಲ್ಲ ಗಂಡಸರು, ಹೆಂಗಸರು ಎಲ್ಲರೂ ಅವರ ಶಿಷ್ಯರೇ. ಕಿರಿಯರೆಲ್ಲ ಅವರನ್ನು ಪ್ರೀತಿಯಿಂದ ಮಾವ ಎಂದೇ ಕರೆಯುತ್ತಿದ್ದರು.

ಆ ಊರಿನಲ್ಲಿ ಕೈಲ್ ಮುಹೂರ್ತದ ಹಬ್ಬ ಬಂದರೆ ಸಂಭ್ರಮ. ನಾಟಿ ಕೆಲಸ ಮುಗಿದಿರುತ್ತದೆ. ಬೆಳಿಗ್ಗೆ ಕೋವಿಗಳಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಮಧ್ಯಾಹ್ನ ಊರಿನ ಮೈದಾನದ ಮರಕ್ಕೆ ಒಂದು ತೆಂಗಿನಕಾಯಿ ಕಟ್ಟುತ್ತಾರೆ. ಹುಲ್ಲಿನ ಮೇಲೆ ಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಗೆರೆಯ ಹಿಂದೆ ನಿಂತು ಒಬ್ಬೊಬ್ಬರಾಗಿ ಗುಂಡು ಹೊಡೆಯಬೇಕು. ಯಾರು ಮೊದಲು ಕಾಯಿ ಒಡೆಯುತ್ತಾರೋ ಅವರೇ ಗೆದ್ದವರು. ಹಿರಿಯರಿಗೆ ಗೌರವ ಎಂದು ಮೊದಲ ಸರದಿ ಯಾವಾಗಲೂ ನಾಣಯ್ಯನವರದು. ಅವರ ಗುಂಡಿಗೆ ಕಾಯಿ ಒಡೆದು ನೀರು ಸುರಿಯಿತೆಂದರೆ ಆ ವರ್ಷದ ಸ್ಪರ್ಧೆ ಅಲ್ಲಿಗೇ ಮುಗಿಯಿತು. ಊಟಕ್ಕೆ ಹೊರಡುವುದಷ್ಟೇ ಬಾಕಿ.

ಆದರೆ ಮಕ್ಕಳೇ, ಕೋವಿಗೆ ಎಣ್ಣೆ ಹಾಕಿದಂತೆ ಕಣ್ಣಿಗೆ ಎಣ್ಣೆ ಹಾಕಲು ಬರುವುದಿಲ್ಲ. ನಾಣಯ್ಯನವರಿಗೆ ವಯಸ್ಸಾಯಿತು. ಒಂದು ವರ್ಷ ಅವರ ಗುಂಡು ಕಾಯಿಗೆ ತಾಗಲಿಲ್ಲ. ಮರಕ್ಕೂ ತಾಗಲಿಲ್ಲ. ಅವರು ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು. ಆಮೇಲೆ ವಾರಗಟ್ಟಲೆ ಯಾರ ಮನೆಗೂ ಬರಲಿಲ್ಲ.

ಶಿಷ್ಯರಿಗೆ ಅದನ್ನು ನೋಡಲಾಗಲಿಲ್ಲ. ಅವರಲ್ಲಿ ಚೋಂದಮ್ಮ ಎಂಬವಳು ಎಲ್ಲರಿಗಿಂತ ಚೆನ್ನಾಗಿ ಗುರಿ ಹಿಡಿಯುವವಳು. ಜೇನು ಸಾಕಿ ಬದುಕುವ ಹೆಂಗಸು. ಅವಳ ಗಂಡ ತೀರಿಕೊಂಡ ಹೊಸತರಲ್ಲಿ, "ಮನೆಯಲ್ಲಿ ಕೂತು ಅತ್ತರೆ ಎಂತ ಆಗ್ತದೆ? ಬಾ, ಕೋವಿ ಹಿಡಿ" ಎಂದು ಕರೆದು ಕಲಿಸಿದವರು ನಾಣಯ್ಯನವರೇ. ಅವಳೇ ಒಂದು ಉಪಾಯ ಹೇಳಿದಳು.

"ಸುಣ್ಣದ ಗೆರೆ ಎಳೆಯೋದು ನಾವೇ ಅಲ್ವಾ? ಸ್ವಲ್ಪ ಮುಂದೆ ಎಳೆಯೋಣ. ಮಾವನಿಗೆ ಗೊತ್ತಾಗೋದಿಲ್ಲ."

ಮುಂದಿನ ವರ್ಷ ಗೆರೆ ಸ್ವಲ್ಪ ಮುಂದೆ ಬಂತು. ನಾಣಯ್ಯನವರ ಗುಂಡು ತಾಗಿತು. ಮುದುಕರ ಮುಖ ಅರಳಿತು, ಊರೆಲ್ಲ ಚಪ್ಪಾಳೆ ತಟ್ಟಿತು. ಅದರ ಮರುವರ್ಷ ಗೆರೆ ಇನ್ನೂ ಸ್ವಲ್ಪ ಮುಂದೆ ಬಂತು. ಅದರಾಚೆ ವರ್ಷ ಇನ್ನೂ ಸ್ವಲ್ಪ. ಕೊನೆಕೊನೆಗೆ ಆ ಗೆರೆಯಲ್ಲಿ ನಿಂತು ಕಲ್ಲು ಎಸೆದರೂ ಕಾಯಿಗೆ ತಾಗುವಂತಿತ್ತು. ಯಾರೂ ಬಾಯಿ ಬಿಡಲಿಲ್ಲ. ಇದು ಮೋಸ ಎಂದು ಯಾರಿಗೂ ಅನಿಸಲೂ ಇಲ್ಲ. ಮುದುಕರು ಸಂತೋಷವಾಗಿದ್ದಾರೆ, ಅಷ್ಟು ಸಾಕು ಎಂದುಕೊಂಡರು.

ಹೀಗಿರುವಾಗ ಪಕ್ಕದ ಊರಿನವರು ಒಂದು ದೊಡ್ಡ ಸ್ಪರ್ಧೆ ಇಟ್ಟರು. ಸುತ್ತಲಿನ ಎಲ್ಲ ಊರುಗಳಿಗೂ ಕರೆ ಹೋಯಿತು. ನಾಣಯ್ಯನವರ ಉತ್ಸಾಹ ಹೇಳತೀರದು. "ನಮ್ಮ ಊರಿನ ಹೆಸರು ಉಳಿಸಬೇಕು" ಎಂದು ಮನೆಯ ಹಿಂದಿನ ಗದ್ದೆಯಲ್ಲಿ ತಾವೇ ಹೆಜ್ಜೆ ಹಾಕಿ, ಹಿಂದಿನ ಕಾಲದ ದೂರವನ್ನೇ ಅಳೆದರು. ಮಣ್ಣಿನ ದಿಬ್ಬದ ಮುಂದೆ ಗೂಟ ನೆಟ್ಟು ಅದಕ್ಕೊಂದು ಕಾಯಿ ಕಟ್ಟಿದರು. ಚೋಂದಮ್ಮನನ್ನು ಜೊತೆಗೆ ಕರೆದರು. ಅವಳಿಗೆ ಹೋಗಲು ಮನಸ್ಸಿರಲಿಲ್ಲ. ಆದರೂ ಬಂದಳು.

ನಾಣಯ್ಯನವರು ಕೋವಿ ಎತ್ತಿ ಗುಂಡು ಹೊಡೆದರು. ಕಾಯಿ ಅಲುಗಲಿಲ್ಲ. ಮತ್ತೆ ಹೊಡೆದರು. ಈ ಸಲ ಗುಂಡು ದಿಬ್ಬದ ಮೇಲಿಂದಲೇ ಹಾರಿಹೋಗಿ, ಆಚೆ ಬೇಲಿಯ ಕಂಬವೊಂದನ್ನು ಸೀಳಿತು. ಆ ಕಂಬದ ಪಕ್ಕದಲ್ಲೇ ಒಂದು ಗಬ್ಬದ ಹಸು ಮೇಯುತ್ತಿತ್ತು. ಅದು ಬೆದರಿ ಹಗ್ಗ ಕಿತ್ತುಕೊಂಡು ಓಡಿತು.

ನಾಣಯ್ಯನವರು ಆ ಕಡೆ ನೋಡಿದರು. "ತಾಗಿತಾ ಚೋಂದು?" ಎಂದು ಕೇಳಿದರು.

ಚೋಂದಮ್ಮನ ಬಾಯಿಗೆ "ಸ್ವಲ್ಪದರಲ್ಲೇ ತಪ್ಪಿತು ಮಾವ" ಎಂಬ ಮಾತು ಅಭ್ಯಾಸದಿಂದಲೇ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು. ಓಡುತ್ತಿದ್ದ ಹಸುವನ್ನು ನೋಡಿದಳು. ಹಸುವಿನ ಜಾಗದಲ್ಲಿ ಮನುಷ್ಯರಿದ್ದಿದ್ದರೆ?

"ಇಲ್ಲ ಮಾವ. ಗುಂಡು ದಿಬ್ಬ ದಾಟಿಹೋಯಿತು. ಹಸುವಿಗೆ ತಾಗೋದು ತಪ್ಪಿತು, ಅಷ್ಟೇ."

"ದಿಬ್ಬ ದಾಟಿತಾ? ಎಂತ ಹೇಳ್ತೀಯಾ? ಹಬ್ಬದಲ್ಲಿ ನಾನು ವರ್ಷಾ ವರ್ಷಾ ಹೊಡೆದು ಬೀಳಿಸ್ತಾ ಇದ್ದೀನಲ್ಲ!"

ಚೋಂದಮ್ಮ ನೆಲ ನೋಡುತ್ತಾ ಎಲ್ಲವನ್ನೂ ಹೇಳಿಬಿಟ್ಟಳು. ಗೆರೆ ಮುಂದೆ ಬಂದದ್ದು, ಅದನ್ನು ಯಾರು ಎಳೆದದ್ದು, ಅದು ಯಾರ ಉಪಾಯ ಎಂಬುದು, ಎಲ್ಲವನ್ನೂ.

ನಾಣಯ್ಯನವರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವರು ಕೋವಿಯಿಂದ ಗುಂಡು ತೆಗೆದು, ಕೋವಿಯನ್ನೇ ಅವಳ ಕೈಗಿತ್ತರು. "ಮನೆಗೆ ಹೋಗು" ಎಂದಷ್ಟೇ ಹೇಳಿ ಒಳಗೆ ನಡೆದರು.

ಹೆಂಡತಿ ಪೂವವ್ವ ಜಗಲಿಯಲ್ಲಿ ಕೂತು ಮಾತ್ರೆಯ ಪಟ್ಟಿಯನ್ನು ಓದುತ್ತಿದ್ದರು. ನಾಣಯ್ಯನವರು ಪಕ್ಕದಲ್ಲಿ ಕುಸಿದು ಕೂತರು.

"ನಿನಗೂ ಗೊತ್ತಿತ್ತಾ?"

"ಗೊತ್ತಿತ್ತು" ಎಂದರು ಪೂವವ್ವ. "ಹೇಳೋಕೆ ಧೈರ್ಯ ಬರಲಿಲ್ಲ. ನೀವು ಗೆದ್ದು ಬಂದ ದಿನ ಎರಡು ಕಡಂಬುಟ್ಟು ಹೆಚ್ಚಿಗೆ ತಿಂತೀರಿ. ಅದನ್ನ ನೋಡಿ ಸುಮ್ಮನಾದೆ."

"ಎಲ್ಲರೂ ಸೇರಿ ನನ್ನನ್ನ ಮಗು ಮಾಡಿದ್ರಿ" ಎಂದರು ನಾಣಯ್ಯನವರು. "ನನಗೆ ಕಣ್ಣು ಕಾಣೋದಿಲ್ಲ ಅಂತ ಒಬ್ಬರಾದ್ರೂ ಹೇಳಬಾರದಿತ್ತಾ?"

"ನೀವು ಹೇಳಿದ್ರಾ?" ಎಂದು ಪೂವವ್ವ ಮೆಲ್ಲಗೆ ಕೇಳಿದರು. "ಮೊದಲು ಗೊತ್ತಾಗಿದ್ದು ನಿಮಗೇ ಅಲ್ವಾ?"

ನಿಜಕ್ಕೂ ನಾಣಯ್ಯನವರಿಗೆ ಬಹಳ ಹಿಂದೆಯೇ ಗೊತ್ತಾಗಿತ್ತು. ಕೋವಿಯ ಹಿಂಭಾಗದಲ್ಲಿ ಒಂದು ಸಣ್ಣ ಕಚ್ಚು, ಅಂದರೆ ಮೇಲೆ ತೆರೆದ ಸೀಳು ಇರುತ್ತದೆ. ನಳಿಗೆಯ ತುದಿಯಲ್ಲಿ ಒಂದು ಮೊನೆ ಇರುತ್ತದೆ. ಕಚ್ಚಿನ ನಡುವೆ ಮೊನೆಯನ್ನು ನಿಲ್ಲಿಸಿ, ಮೊನೆಯ ಮೇಲೆ ಗುರಿಯನ್ನು ಕೂರಿಸಬೇಕು. ಎಳೆಯ ಕಣ್ಣು ಹತ್ತಿರದ ಕಚ್ಚಿಗೂ ನಡುವಿನ ಮೊನೆಗೂ ದೂರದ ಕಾಯಿಗೂ ಚಕಚಕನೆ ಓಡಾಡಿ ಬರುತ್ತದೆ. ಮುದಿ ಕಣ್ಣಿಗೆ ಆ ಓಡಾಟ ಆಗದು. ನಾಣಯ್ಯನವರಿಗೆ ಕಚ್ಚು ಮಂಜು ಮಂಜಾಗಿ, ಎರಡೆರಡಾಗಿ ಕಾಣುತ್ತಿತ್ತು. ದೂರದ ಕಾಯಿಯೂ ಮೊದಲಿನಷ್ಟು ತಿಳಿಯಾಗಿರಲಿಲ್ಲ. ಓದುವ ಕನ್ನಡಕ ಹಾಕಿದರೆ ಕಚ್ಚು ಕಾಣುತ್ತಿತ್ತು, ಕಾಯಿಯೇ ಮಾಯವಾಗುತ್ತಿತ್ತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಕಚ್ಚನ್ನು ಇನ್ನಷ್ಟು ಸಣ್ಣದು ಮಾಡಿದರೆ ಗುರಿ ಇನ್ನಷ್ಟು ಖಚಿತವಾಗುತ್ತದೆ ಎಂದು ಬೇರೆ ಕಚ್ಚು ಹಾಕಿಸಿದ್ದರು. ಅದರಿಂದ ಇನ್ನೂ ಕೆಟ್ಟಿತ್ತು.

ಅವರು ತಲೆ ಎತ್ತಿ ನೋಡಿದರು. ಪೂವವ್ವ ಮತ್ತೆ ಮಾತ್ರೆಯ ಪಟ್ಟಿಯನ್ನು ಓದತೊಡಗಿದ್ದರು. ಅವರ ಕಣ್ಣಿಗೆ ಕನ್ನಡಕ ಇರಲಿಲ್ಲ. ತೋರುಬೆರಳನ್ನು ಮಡಚಿ, ನಡುವೆ ಸೂಜಿ ತೂರುವಷ್ಟು ಕಿಂಡಿ ಮಾಡಿ, ಅದನ್ನು ಕಣ್ಣಿಗೆ ಹಿಡಿದಿದ್ದರು.

"ಇದೆಂತ ಆಟ?"

"ಕನ್ನಡಕ ಎಲ್ಲಿಟ್ಟೆನೋ ಏನೋ. ಹೀಗೆ ನೋಡಿದ್ರೆ ಅಕ್ಷರ ಕಾಣ್ತದೆ. ನೀವೂ ನೋಡಿ."

ನಾಣಯ್ಯನವರು ಬೆರಳು ಮಡಚಿ ನೋಡಿದರು. ಮಸುಕಾಗಿದ್ದ ಅಕ್ಷರ ತಿಳಿಯಾಯಿತು. ಕೈಯನ್ನು ಕಣ್ಣಿನಿಂದ ತೆಗೆಯದೆ ಅಂಗಳದ ಕೊನೆಯ ಪೇರಳೆ ಮರ ನೋಡಿದರು. ಅದೂ ತಿಳಿಯಾಗಿತ್ತು. ಬೆರಳನ್ನು ತೆಗೆದು, ಮತ್ತೆ ಹಿಡಿದು ನೋಡಿದರು.

ಕಚ್ಚಿನ ಜಾಗದಲ್ಲಿ ಇಂಥದೇ ಕಿಂಡಿಯ ಬಿಲ್ಲೆ ಇರುವ ಕೋವಿಗಳನ್ನು ಅವರು ಕಂಡಿರಲಿಲ್ಲವೆಂದಲ್ಲ. ಕಂಡಿದ್ದರು. ಅಷ್ಟೇ ಅಲ್ಲ, "ಕಿಂಡಿಯಲ್ಲಿ ಇಣುಕೋದು ಕಳ್ಳರ ಕೆಲಸ, ಗಂಡೆದೆಯವನಿಗೆ ಬರಿ ಕಚ್ಚು ಸಾಕು" ಎಂದು ಊರ ಮುಂದೆ ನಕ್ಕಿದ್ದರು. ಈಗ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಅದು ಕಹಿ ಔಷಧಿ. ಆದರೂ ಕುಡಿದರು.

ಮರುದಿನ ಬೆಳಿಗ್ಗೆ ಅವರು ಚೋಂದಮ್ಮನ ಮನೆಯ ಮುಂದೆ ನಿಂತಿದ್ದರು. ಅವಳು ಜೇನುಪೆಟ್ಟಿಗೆಯ ಮುಚ್ಚಳ ಹಿಡಿದವಳು ಹಾಗೇ ನಿಂತುಬಿಟ್ಟಳು.

"ನನ್ನ ಕೋವಿ ತಗೊಂಡು ಬಾ" ಎಂದರು ನಾಣಯ್ಯನವರು. "ವಿರಾಜಪೇಟೆಗೆ ಹೋಗೋಣ. ನಿನ್ನೆ ನಿಜ ಹೇಳಿದ ಬಾಯಿ ಇವತ್ತೂ ನನ್ನ ಜೊತೆ ಇರಬೇಕು."

ವಿರಾಜಪೇಟೆಯಲ್ಲಿ ಹಂಸ ಎಂಬವರ ಕೋವಿ ರಿಪೇರಿ ಅಂಗಡಿ ಇತ್ತು. ನಾಣಯ್ಯನವರು ನಾಚಿಕೆ ಬಿಟ್ಟು ತಮ್ಮ ಕಣ್ಣಿನ ಕಷ್ಟವನ್ನೆಲ್ಲ ಹೇಳಿಕೊಂಡರು. ಹಂಸ ಮೇಜಿನ ಮೇಲೆ ಬೇರೆ ಬೇರೆ ತುಂಡುಗಳನ್ನು ಇಟ್ಟರು. ಅಗಲವಾದ ಕಚ್ಚು, ಸಣ್ಣ ತೂತಿನ ಬಿಲ್ಲೆ, ದೊಡ್ಡ ತೂತಿನ ಬಿಲ್ಲೆ, ಬಿಳಿ ಚುಕ್ಕೆಯ ದಪ್ಪ ಮೊನೆ.

"ಇದರಲ್ಲಿ ಯಾವುದು ಒಳ್ಳೆಯದು?" ಎಂದು ಕೇಳಿದರು ನಾಣಯ್ಯನವರು.

"ಅದು ಕಣ್ಣಿಂದ ಕಣ್ಣಿಗೆ ಬೇರೆ ಹವಾಲ್ದಾರ್ರೇ. ಎಲ್ಲವನ್ನೂ ತಗೊಂಡು ಹೋಗಿ. ಹಾಕಿ ನೋಡಿ. ಆಗದ್ದನ್ನು ವಾಪಸ್ ತನ್ನಿ."

ಈ ಸಲ ಅವರು ಊರಾಚೆಯ ಕಲ್ಲುಕೋರೆಗೆ ಹೋದರು. ಅಲ್ಲಿ ಎದುರಿಗೆ ಎತ್ತರದ ಬಂಡೆಮಣ್ಣಿನ ಗೋಡೆ, ಆಚೆ ಯಾರೂ ಓಡಾಡುವಂತಿರಲಿಲ್ಲ. ಮೊದಲು ಅಗಲ ಕಚ್ಚು ಹಾಕಿ ಹೊಡೆದರು.

"ತಾಗಿತಾ?"

"ಇಲ್ಲ ಮಾವ. ಒಂದು ಮೊಳ ಎಡಕ್ಕೆ."

ಸಣ್ಣ ತೂತಿನ ಬಿಲ್ಲೆ ಹಾಕಿದರು. ಬಿಸಿಲಿನಲ್ಲಿ ಚೆನ್ನಾಗಿ ಕಂಡಿತು. ಮೋಡ ಕವಿದ ಕೂಡಲೇ ಎಲ್ಲ ಕತ್ತಲು.

"ತಾಗಿತಾ?"

"ಇಲ್ಲ. ಕೆಳಗೆ ಹೋಯಿತು."

ಒಂದೊಂದು ಸಲ "ಇಲ್ಲ" ಎನ್ನುವಾಗಲೂ ಚೋಂದಮ್ಮನಿಗೆ ಸಂಕಟವಾಗುತ್ತಿತ್ತು. ನಾಣಯ್ಯನವರಿಗೂ ಆಗುತ್ತಿತ್ತು. ಆದರೆ ಇಬ್ಬರೂ ನಿಲ್ಲಿಸಲಿಲ್ಲ. ಕೊನೆಗೆ ದೊಡ್ಡ ತೂತಿನ ಬಿಲ್ಲೆಯನ್ನೂ ಬಿಳಿ ಚುಕ್ಕೆಯ ಮೊನೆಯನ್ನೂ ಕೂಡಿಸಿದರು. ನಾಣಯ್ಯನವರು ತೂತನ್ನು ನೋಡುವುದು ಬಿಟ್ಟು, ತೂತಿನೊಳಗಿಂದ ಮೊನೆಯನ್ನು ಮಾತ್ರ ನೋಡಿದರು. ಕಾಯಿ ಕೊಂಚ ಮಸುಕಾಗಿತ್ತು. ಇರಲಿ ಎಂದುಕೊಂಡರು. ಉಸಿರು ಹಿಡಿದು ಬೆರಳು ಒತ್ತಿದರು.

ಕೇಳುವ ಮೊದಲೇ ಚೋಂದಮ್ಮ ಕೂಗಿದಳು. "ತಾಗಿತು ಮಾವ! ಈ ಸಲ ನಿಜವಾಗ್ಲೂ ತಾಗಿತು!" ಕೂಗುತ್ತಾ ಅವಳು ಅತ್ತೇಬಿಟ್ಟಳು. ಮುದುಕರು ಅವಳ ತಲೆಯ ಮೇಲೆ ಕೈಯಿಟ್ಟರು.

ಆ ದಿನದಿಂದ ಊರಿನವರೆಲ್ಲ ಅದೇ ಕಲ್ಲುಕೋರೆಯಲ್ಲಿ ಸರಿಯಾದ ದೂರದಿಂದ ಅಭ್ಯಾಸ ಮಾಡಿದರು. ಆಗ ಇನ್ನೊಂದು ಸತ್ಯ ಹೊರಬಿತ್ತು. ಇಷ್ಟು ವರ್ಷ ಅಭ್ಯಾಸಕ್ಕೂ ಮುಂದೆ ಬಂದ ಗೆರೆಯಿಂದಲೇ ಹೊಡೆದೂ ಹೊಡೆದೂ ಎಳೆಯ ಕಣ್ಣಿನವರ ಗುರಿಯೂ ಕೆಟ್ಟುಹೋಗಿತ್ತು. ಮುದುಕರ ಸುಖಕ್ಕೆಂದು ಎಳೆದ ಗೆರೆ ಊರಿಗೆ ಊರನ್ನೇ ಹಿಂದಕ್ಕೆ ತಳ್ಳಿತ್ತು. ಎಲ್ಲರೂ ಮತ್ತೆ ಮೊದಲಿನಿಂದ ಕಲಿತರು. ನಾಣಯ್ಯನವರು ಬೇಸರವಿಲ್ಲದೆ ಕಲಿಸಿದರು.

ಸ್ಪರ್ಧೆಯ ದಿನ ಪಕ್ಕದ ಊರಿನವರು, "ಹಿರಿಯರು ಮೊದಲು ಹೊಡೆಯಲಿ" ಎಂದು ಕೈ ಮುಗಿದರು. ನಾಣಯ್ಯನವರು ಒಪ್ಪಲಿಲ್ಲ. "ವಯಸ್ಸಿಗೆ ಊಟದಲ್ಲಿ ಮೊದಲ ಎಲೆ ಕೊಡಿ, ಸಾಕು. ಇಲ್ಲಿ ಚೀಟಿ ಎತ್ತಿ" ಎಂದರು. ಹಲವರ ಸರದಿ ಮುಗಿದ ಮೇಲೆ ಅವರದು ಬಂತು. ಅವರ ಗುಂಡು ಕಾಯಿಯ ಅಂಚಿಗೆ ತಾಗಿತು. ನಾರು ಹಾರಿತು, ಕಾಯಿ ಗಿರ್ರನೆ ತಿರುಗಿತು. ಆದರೆ ಒಡೆಯಲಿಲ್ಲ. ಅಷ್ಟು ದೂರದಿಂದ ಅಷ್ಟು ವಯಸ್ಸಿನವರು ತಾಗಿಸಿದ್ದನ್ನು ಕಂಡು ಜನ ಎದ್ದು ನಿಂತರು.

ಕಾಯಿ ತಿರುಗುವುದು ನಿಂತ ಮೇಲೆ ಚೋಂದಮ್ಮ ಗೆರೆಗೆ ಬಂದಳು. ಒಂದೇ ಗುಂಡಿಗೆ ಕಾಯಿ ಎರಡು ಹೋಳಾಗಿ, ನೀರು ಮರದ ಬುಡಕ್ಕೆ ಸುರಿಯಿತು. ನಾಣಯ್ಯನವರು ಕೋವಿಯನ್ನು ಪಕ್ಕದವರ ಕೈಗೆ ತುರುಕಿ, ಎಳೆಯ ಹುಡುಗನಂತೆ ಓಡಿ ಬಂದು ಅವಳ ಬೆನ್ನು ತಟ್ಟಿದರು. ತಾವು ಗೆದ್ದ ಯಾವ ವರ್ಷವೂ ಅವರು ಅಷ್ಟು ಜೋರಾಗಿ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

ಊಟದ ಸಮಯದಲ್ಲಿ ಆ ಊರಿನ ಹಿರಿಯರೊಬ್ಬರು ಅವರ ಪಕ್ಕಕ್ಕೆ ಬಂದು ಕೂತರು. ತಿಮ್ಮಯ್ಯ ಎಂದು ಅವರ ಹೆಸರು. ಒಂದು ಕಾಲದಲ್ಲಿ ಹೆಸರಾಂತ ಗುರಿಕಾರರು. ಇವತ್ತು ಸ್ಪರ್ಧೆಗೆ ಇಳಿದಿರಲಿಲ್ಲ. "ಕೈಗೆ ಸ್ವಲ್ಪ ನೋವು, ಅದಕ್ಕೇ..." ಎಂದು ಆರಂಭಿಸಿದವರು ಅರ್ಧಕ್ಕೇ ನಿಲ್ಲಿಸಿದರು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು.

"ನಿಮ್ಮ ಕೋವಿಯ ಮೇಲೆ ಇರೋದು ಎಂತದ್ದು ಹವಾಲ್ದಾರ್ರೇ?"

ನಾಣಯ್ಯನವರು ದನಿ ತಗ್ಗಿಸಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದರು. "ನನಗೆ ಕಣ್ಣು ಮಂಜಾಗಿದೆ. ಅದಕ್ಕೆ ಹಾಕಿಸಿದ್ದು. ಊಟ ಆಗಲಿ, ನೀವೂ ಒಮ್ಮೆ ಹಿಡಿದು ನೋಡಿ."

ತಿಮ್ಮಯ್ಯನವರು ಎಲೆಯಲ್ಲಿದ್ದ ಅನ್ನವನ್ನು ಬೇಗ ಬೇಗ ಉಣ್ಣತೊಡಗಿದರು.

ನೀತಿ: ವಯಸ್ಸಾಗುವುದು ಸೋಲಲ್ಲ, ಅದನ್ನು ಮುಚ್ಚಿಡುವುದೇ ಸೋಲು. ಶಕ್ತಿ ಕುಂದಿದಾಗ ಗುರಿಯನ್ನು ಹತ್ತಿರಕ್ಕೆ ಎಳೆದುಕೊಳ್ಳಬಾರದು, ಗುರಿಯನ್ನು ನೋಡುವ ಬಗೆಯನ್ನು ಬದಲಿಸಿಕೊಳ್ಳಬೇಕು. ಹಿರಿಯರ ಮೇಲೆ ನಿಜವಾಗಿ ಪ್ರೀತಿಯಿದ್ದರೆ ಅವರಿಗೆ ಸುಳ್ಳು ಗೆಲುವನ್ನು ಕೊಡಬೇಡಿ. ಸತ್ಯ ಹೇಳಿ, ಹೇಳಿದ ಮೇಲೆ ಅವರ ಪಕ್ಕದಲ್ಲೇ ನಿಲ್ಲಿ.