ಉತ್ತರ ಬಾರದ ಚಳಿಗಾಲ

ಯುರೋಪಿನ ಹಿಮಬೆಟ್ಟವೊಂದರ ಈಚೆ ತೋಳಗಳ ರಾಜ್ಯವಿತ್ತು, ಆಚೆ ಕರಡಿಗಳ ರಾಜ್ಯ. ಗಡಿಯ ಕಾಡನ್ನು ಹಂಚಿಕೊಳ್ಳೋಣವೆಂದು ತೋಳರಾಜ ತನ್ನ ಅಜ್ಜನ ಕಾಲದ ರೂಢಿಯಂತೆ ಪ್ರತಿವರ್ಷ ಚಳಿ ಶುರುವಾಗುವಾಗ ಓಲೆ ಕಳಿಸುತ್ತಿದ್ದ. ದೂತರು ಅದನ್ನು ಕೊಟ್ಟು ಅಂದೇ ಮರಳುತ್ತಿದ್ದರು. ಚಳಿಗಾಲವಿಡೀ ಉತ್ತರ ಬರುತ್ತಿರಲಿಲ್ಲ. ಅದನ್ನು ಅವಮಾನವೆಂದು ಬಗೆದ ತೋಳಗಳು ಕೊನೆಗೆ ರಾತ್ರೋರಾತ್ರಿ ಮೇಲೆರಗಿ ಯುದ್ಧವಾಗುತ್ತಿತ್ತು.

ಆ ವರ್ಷ ಓಲೆ ಒಯ್ದವನು ನಿಡುಗಾಲನೆಂಬ ಮುದಿ ತೋಳ. ಹಿಂದಿನ ಯುದ್ಧದಲ್ಲಿ ಇಬ್ಬರು ಮಕ್ಕಳನ್ನು ಕಳೆದುಕೊಂಡಿದ್ದ ಅವನಿಗೆ ಬರಿಗೈಯಲ್ಲಿ ಮರಳಲು ಮನಸ್ಸಾಗಲಿಲ್ಲ. "ಉತ್ತರ ಸಿಗುವವರೆಗೆ ಇಲ್ಲೇ ಇರುತ್ತೇನೆ" ಎಂದು ಕರಡಿರಾಜನ ಗುಹೆಯ ಬಾಗಿಲಲ್ಲೇ ಕೂತ. ಹಿಮ ಬಿದ್ದದ್ದೇ ತಡ, ರಾಜ, ಮಂತ್ರಿ, ಪ್ರಜೆಗಳೆಲ್ಲ ಗೊರಕೆ ಹೊಡೆಯತೊಡಗಿದರು. ಎಷ್ಟು ಕೂಗಿದರೂ ಯಾರೂ ಏಳಲಿಲ್ಲ. ನಿಡುಗಾಲನಿಗೆ ನಗುವೂ ಬಂತು, ಅಳುವೂ ಬಂತು.

ಹಿಮ ಕರಗುವ ಮೊದಲೇ ತೋಳರಾಜ ಪಡೆಯೊಂದಿಗೆ ಬೆಟ್ಟ ದಾಟಿ ಬಂದ. ನಿಡುಗಾಲ ಅಡ್ಡ ನಿಂತ.

"ಮಹಾಪ್ರಭು, ಇದು ಅವಮಾನವಲ್ಲ, ಚಳಿಗಾಲವಿಡೀ ಹಿಡಿಯುವ ನಿದ್ದೆ. ಬಂದು ನೋಡಿ."

ತೋಳರಾಜ ಇಣುಕಿದ. ಕರಡಿರಾಜ ಓಲೆಯನ್ನು ಎದೆಗವಚಿಕೊಂಡು ಮಲಗಿದ್ದ.

"ಇಷ್ಟಕ್ಕೇ ನನ್ನ ಅಜ್ಜ ಸತ್ತನೇ?" ಎಂದು ತೋಳರಾಜ ಪಿಸುಗುಟ್ಟಿ, ಪಡೆಯನ್ನು ಸದ್ದಿಲ್ಲದೆ ಹಿಂದಿರುಗಿಸಿದ.

ವಸಂತದಲ್ಲಿ ಕರಡಿರಾಜ ಕಣ್ಣುಬಿಟ್ಟಾಗ ಬಾಗಿಲಲ್ಲಿ ಬಡಕಲಾದ ನಿಡುಗಾಲ ಕೂತಿದ್ದ. ನಡೆದದ್ದನ್ನೆಲ್ಲ ಹೇಳಿದ.

"ನಿಮ್ಮ ಹಲ್ಲು ಕುತ್ತಿಗೆಗೆ ಬಿದ್ದಾಗಲೇ ನಮಗೆ ಎಚ್ಚರವಾಗುತ್ತಿತ್ತು," ಎಂದ ಕರಡಿರಾಜ. "ಏನು ತಪ್ಪು ಮಾಡಿದೆವೆಂದು ಒಮ್ಮೆಯೂ ತಿಳಿಯಲಿಲ್ಲ."

"ನೀವು ನಿದ್ದೆಯಲ್ಲಿರುತ್ತೀರೆಂದು ನಮಗೂ ತಿಳಿದಿರಲಿಲ್ಲ, ಪ್ರಭು."

ಅಂದೇ ಕರಡಿರಾಜ ನಿಡುಗಾಲನ ವಾಸಕ್ಕೆ ತನ್ನ ಪಕ್ಕದ ಗುಹೆಯನ್ನು ಬಿಟ್ಟುಕೊಟ್ಟ. ಇನ್ನೆಂದೂ ಒಬ್ಬರನ್ನೊಬ್ಬರು ತಪ್ಪು ತಿಳಿಯಬಾರದೆಂದು ಸ್ವಂತ ತಮ್ಮನನ್ನು ತೋಳಗಳ ನಾಡಿನಲ್ಲಿ ನೆಲೆಸಲು ಕಳಿಸಿದ.