ಕಪ್ಪು ದಾರ ಕಟ್ಟಿದ ಬೀಜ

"ಗುರುಗಳೇ, ಲೈಸೆನ್ಸು ಸರಿಯಾಗಿ ಅರ್ಥವಾಗದಿದ್ದಾಗ 'ಹಂಚುವಂತಿಲ್ಲ' ಎಂದು ಬರೆದುಬಿಟ್ಟರೆ ತಪ್ಪೇನು? ಯಾರ ಗಂಟೂ ಹೋಗುವುದಿಲ್ಲವಲ್ಲ?" ಎಂದು ಇಂದುಧರ ಕೇಳಿದ.

ಯಾರೋ ಬರೆದ ಸಾಫ್ಟ್‌ವೇರನ್ನು ಎಲ್ಲರ ಕಂಪ್ಯೂಟರಿಗೂ ಹೊಂದುವಂತೆ ಪ್ಯಾಕೇಜು ಕಟ್ಟಿಡುವ ಕೆಲಸವನ್ನು ಅವನು ರುದ್ರಯ್ಯನವರ ಬಳಿ ಕಲಿಯುತ್ತಿದ್ದ. ಕಟ್ಟುವ ವಿಧಾನವನ್ನು ಬರೆದಿಡುವಾಗ ಒಂದು ಸಾಲು ಲೈಸೆನ್ಸಿಗೆ, ಅಂದರೆ ಅದನ್ನು ಹಂಚಲು ಬರೆದವರು ಕೊಟ್ಟ ಅನುಮತಿಗೆ, ಮೀಸಲು. ಅಲ್ಲಿ 'ಹಂಚುವಂತಿಲ್ಲ' ಎಂದಿದ್ದರೆ ಆ ಪ್ಯಾಕೇಜು, ಎಲ್ಲರೂ ಇಳಿಸಿಕೊಳ್ಳುವ ಭಂಡಾರದಿಂದ ಯಾರ ಕೈಗೂ ಸಿಗುವುದಿಲ್ಲ. ಹಿಂದಿನ ದಿನ ಇಂದುಧರ ಒಂದಕ್ಕೆ ಹಾಗೆಯೇ ಬರೆದಿದ್ದ. ಅದರ ಲೈಸೆನ್ಸು ಉದ್ದವಾಗಿತ್ತು, ಅವನು ಅರ್ಧಕ್ಕೇ ಬಿಟ್ಟಿದ್ದ. ರುದ್ರಯ್ಯನವರಿಗೆ ಹುಡುಗನ ಮೇಲೆ ಬಲು ಅಕ್ಕರೆ. ಅವರು ಬೈಯಲಿಲ್ಲ, ಕತೆ ಹೇಳಿದರು.

ಕಡಲ ಹತ್ತಿರದ ಒಂದು ಊರಿನಲ್ಲಿ ಬೀಜದ ಮನೆಯಿತ್ತು. ಅದಕ್ಕೊಬ್ಬ ಕಾವಲುಗಾರನಿದ್ದ. ರೈತರು ತಮ್ಮ ತಳಿಯ ಬತ್ತವನ್ನು ಒಣಹುಲ್ಲಿನಲ್ಲಿ ಸುತ್ತಿ, ಮುಡಿ ಕಟ್ಟಿ ತಂದಿಡುತ್ತಿದ್ದರು. ಯಾರು ಬೇಕಾದರೂ ಒಯ್ಯಲಿ ಎಂದರೆ ಮುಡಿಗೆ ಹಳದಿ ದಾರ. ಯಾರೂ ಮುಟ್ಟಬಾರದು ಎಂದರೆ ಕಪ್ಪು ದಾರ. ದಾರ ಕಟ್ಟುವ ಕೈ ಕಾವಲುಗಾರನದು, ಮಾತು ಮಾತ್ರ ಬೀಜ ಕೊಟ್ಟವನದು. ದಾರ ನೋಡಿದ ಮೇಲೆ ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ. ಅದು ಆ ಊರಿನ ರೂಢಿ.

ಒಮ್ಮೆ ಒಬ್ಬ ವ್ಯಾಪಾರಿ ತನ್ನ ಬೀಜವನ್ನು ಯಾರಿಗೂ ಕೊಡಬೇಡ ಎಂದು ಹೇಳಿ ಹೋದ. ಕಾವಲುಗಾರ ಮರೆತು ಹಳದಿ ದಾರ ಕಟ್ಟಿದ. ಬೀಜ ನಾಲ್ಕಾರು ಮನೆ ಸೇರಿತು. ವ್ಯಾಪಾರಿ ಬಂದು ಅವನನ್ನು ಊರವರ ಎದುರು ನಿಲ್ಲಿಸಿ ಮಾನ ಕಳೆದ. ಬೈದದ್ದು ನ್ಯಾಯವೇ. ಆದರೆ ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ. ಅಂದಿನಿಂದ ಕಾವಲುಗಾರ ಯಾರ ಮಾತನ್ನೂ ಪೂರ್ತಿ ಕೇಳುವ ಗೋಜಿಗೆ ಹೋಗಲಿಲ್ಲ. ಬಂದ ಮುಡಿಗೆಲ್ಲ ಕಪ್ಪು ದಾರವೇ. ಬೈಗುಳ ನಿಂತಿತು. ತಾನು ಜಾಣನಾದೆ ಎಂದುಕೊಂಡ, ಪಾಪ.

ಆಗ ಒಬ್ಬ ಮುದುಕ ಒಂದು ಮುಡಿ ಹೊತ್ತು ಬಂದ. ಅದು ಉಪ್ಪುನೀರಿನಲ್ಲೂ ನಿಂತು ಬೆಳೆಯುವ ಬತ್ತ. ಆ ತಳಿ ಉಳಿದದ್ದು ಅವನೊಬ್ಬನ ಗದ್ದೆಯಲ್ಲಿ, ಆ ಗದ್ದೆಯನ್ನೂ ಕಡಲು ಕೊರೆಯುತ್ತಿತ್ತು. ಇದು ಕೇಳಿದವರ ಗದ್ದೆಗೆಲ್ಲ ಹೋಗಲಿ, ಆಮೇಲೆ ನಾನು ನೆಮ್ಮದಿಯಾಗಿ ಕಣ್ಣು ಮುಚ್ಚುತ್ತೇನೆ ಎಂದು ಅವನು ಹೇಳುತ್ತಲೇ ಇದ್ದ. ಕಾವಲುಗಾರ ಹೂಂಗುಟ್ಟುತ್ತ ಕಪ್ಪು ದಾರ ಬಿಗಿದ.

ಗದ್ದೆಗೆ ಉಪ್ಪುನೀರು ನುಗ್ಗಿದ್ದ ಒಬ್ಬ ಹೆಂಗಸು ಅದೇ ಬೀಜ ಹುಡುಕಿಕೊಂಡು ಬಂದಳು. ಕಪ್ಪು ದಾರ ಕಂಡು ಮುಡಿಯನ್ನು ಮುಟ್ಟದೆ ಹಿಂದಿರುಗಿದಳು. ಅವಳ ಗದ್ದೆ ಬೀಳಾಗಿಯೇ ಉಳಿಯಿತು. ಅವಳ ಹಾಗೆ ಇನ್ನೂ ಕೆಲವರು ಬಂದು ಹೋದರು.

ವರ್ಷಗಳು ಕಳೆದು ಮುದುಕ ಕೋಲೂರಿಕೊಂಡು ಮತ್ತೆ ಬಂದ. ಅವನ ಗದ್ದೆ ಕಡಲ ಪಾಲಾಗಿತ್ತು. ತನ್ನ ಬತ್ತ ಯಾರ ಯಾರ ಗದ್ದೆಯಲ್ಲಿದೆ ಎಂದು ಆಸೆಯಿಂದ ವಿಚಾರಿಸಿದ. ಕಾವಲುಗಾರ ಹೆಮ್ಮೆಯಿಂದ ಮುಡಿಯನ್ನು ಎತ್ತಿ ತಂದ.

"ಒಂದು ಕಾಳೂ ಆಚೆ ಹೋಗಲಿಲ್ಲ ಅಜ್ಜಾ. ಜೋಪಾನ ಮಾಡಿ ಇಟ್ಟಿದ್ದೇನೆ."

ಮುದುಕ ಒಂದು ಹಿಡಿ ಬತ್ತವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿದ. ಮೊಳಕೆ ಬರುವಷ್ಟು ದಿನ ಅಲ್ಲೇ ಉಳಿದ. ಒಂದೂ ಮೊಳೆಯಲಿಲ್ಲ. ಇಟ್ಟಲ್ಲೇ ಇದ್ದು ಬೀಜ ಸತ್ತಿತ್ತು, ಅದರೊಂದಿಗೆ ಆ ತಳಿಯೂ ಮುಗಿದಿತ್ತು. ಕಾವಲುಗಾರನಿಗೆ ಅಳು ತಡೆಯಲಾಗಲಿಲ್ಲ. ಮುದುಕನೇ ಅವನ ಬೆನ್ನು ಸವರಿದ.

"ನೀನು ಕಳ್ಳ ಅಲ್ಲ ಮಗಾ, ಅದು ನನಗೆ ಗೊತ್ತುಂಟು. ಆದರೆ ನಾನು ಕೊಡಲಿಕ್ಕೆ ಬಂದವ. ಊರವರ ಕಣ್ಣಿಗೆ ನನ್ನನ್ನು ಜಿಪುಣ ಮಾಡಿಬಿಟ್ಟೆಯಲ್ಲ."

ಕತೆ ಮುಗಿಯಿತು. ಇಂದುಧರನಿಗೆ ಕಾವಲುಗಾರನ ಮೇಲೆ ಮರುಕ ಹುಟ್ಟಿತು. ಅವನು ಯಾರದನ್ನೂ ಕದಿಯಲಿಲ್ಲ, ಎಚ್ಚರದಿಂದ ಇದ್ದದ್ದೇ ಅಪರಾಧವೇ ಎಂದು ಮೆಲ್ಲಗೆ ವಾದಿಸಿದ. ರುದ್ರಯ್ಯನವರು ನಕ್ಕು ಅವನನ್ನು ಹತ್ತಿರ ಕರೆದರು.

"ನಿನ್ನೆ ನೀನು ಬರೆದ ಸಾಲಿನಲ್ಲಿ ಇರುವುದು ಕೊಟ್ಟವರ ಮಾತೋ ಮಗೂ, ನಿನ್ನ ಭಯವೋ?"